ಮೊದಲು ಹೇಳು, ಆಮೇಲೆ ನೋಡು

ನಾಟಡವು (ಕಾಲು ಚಾಚುವ ಅಡವು, ಅಂದರೆ ನೃತ್ಯದ ಮೂಲ ಹೆಜ್ಜೆ) ಮೂರನೇ ಕಾಲಕ್ಕೆ, ಅಂದರೆ ಅತಿ ವೇಗಕ್ಕೆ ಬರುವಷ್ಟರಲ್ಲಿ ಅರಮಂಡಿ (ಮಂಡಿ ಬಗ್ಗಿಸಿ ಅರ್ಧ ಕೂತ ಭಂಗಿ) ಮೇಲೆದ್ದುಬಿಟ್ಟಿರುತ್ತದೆ. ಭರತನಾಟ್ಯ ಕಲಿಸುವ ಎಲ್ಲರಿಗೂ ಇದು ಗೊತ್ತು. ಮಣೆ ಮೇಲೆ ಕೋಲು ತಟ್ಟುತ್ತಾ "ಕೂತ್ಕೋ, ಇನ್ನೂ ಕೂತ್ಕೋ" ಅಂದರೆ, "ಕೂತೇ ಇದೀನಲ್ಲ ಮಿಸ್" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರ ಮೈಗೆ ಹಾಗೇ ಅನಿಸುತ್ತಿರುತ್ತದೆ.

ದಾವಣಗೆರೆಯಲ್ಲಿ ನನ್ನ ಹತ್ತಿರ ಕಲಿಯುವವರು ಹೆಚ್ಚಾಗಿ ಡಿಗ್ರಿ, ಪಿ.ಜಿ. ಓದುವವರು. ತೋಳಹುಣಸೆಯಲ್ಲಿರುವ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಕ್ಯಾಂಪಸ್ಸಿನಲ್ಲಿ ತರಗತಿ ಮುಗಿಸಿ, ಬಸ್ ಹಿಡಿದು ಬರುತ್ತಾರೆ. ಚಿಕ್ಕ ಮಕ್ಕಳಿಗೆ ಮಾಡಿ ತೋರಿಸಿದರೆ ಸಾಕು. ಈ ವಯಸ್ಸಿನವರಿಗೆ ಯಾಕೆ ಅನ್ನೋದೂ ಬೇಕು, ಕಣ್ಣಿಗೆ ಕಾಣುವ ಪುರಾವೆಯೂ ಬೇಕು. ಮೊಬೈಲ್ ವಿಡಿಯೊ ಅಲ್ಲಿ ಬಹಳ ಸಹಾಯಕ್ಕೆ ಬರುತ್ತದೆ.

ಅರಮಂಡಿ ಮೇಲೇಳುವುದನ್ನು ತೋರಿಸಲು ನಾನು ಹೀಗೆ ಮಾಡುತ್ತೇನೆ. ವಿಡಿಯೊವನ್ನು ಲ್ಯಾಪ್‌ಟಾಪಿನಲ್ಲಿ ಹಾಕಿ, ಮೊದಲ ಕಾಲದಲ್ಲಿ ನೆತ್ತಿ ಎಲ್ಲಿದೆಯೋ ಅದಕ್ಕೆ ಸರಿಯಾಗಿ ಮೇಲೊಂದು ಕಾಗದದ ಪಟ್ಟಿ ಅಡ್ಡ ಹಿಡಿಯುತ್ತೇನೆ. ಎರಡನೇ ಕಾಲದಲ್ಲಿ ಕೂದಲು ಪಟ್ಟಿಯೊಳಗೆ ಹೋಗುತ್ತದೆ. ಮೂರನೇ ಕಾಲದಲ್ಲಿ ಹಣೆಯೇ ಮರೆಯಾಗುತ್ತದೆ. ಇಷ್ಟಾದ ಮೇಲೆ ನಾನು ಏನೂ ಹೇಳಬೇಕಾಗಿಲ್ಲ.

ಆದರೆ ತೋರಿಸುವ ಮುಂಚೆ ಒಂದು ಪ್ರಶ್ನೆ ಕೇಳಲೇಬೇಕು: "ಎಲ್ಲಿ ಮಂಡಿ ಬಿಟ್ಟೆ ಅನಿಸ್ತು?" ಕುಣಿದವಳು ಉತ್ತರ ಹೇಳಿದ ಮೇಲೇ ವಿಡಿಯೊ. ನೋಡಿದ ಕೂಡಲೇ ಫೋನ್ ಪಕ್ಕಕ್ಕಿಟ್ಟು ಅದೇ ಅಡವನ್ನು ಮತ್ತೆ ಕುಣಿಯಬೇಕು. ಮೈಗೆ ಅನಿಸಿದ್ದು, ಕಣ್ಣಿಗೆ ಕಂಡಿದ್ದು, ಇವೆರಡರ ನಡುವಿನ ಅಂತರ ತಿಳಿಯುವುದೇ ಕಲಿಕೆ. ಕೇಳದೆ ಸುಮ್ನೆ ತೋರಿಸಿದರೆ "ಅಯ್ಯೋ, ಎಷ್ಟು ದಪ್ಪ ಕಾಣ್ತೀನಿ" ಅನ್ನುವಲ್ಲಿಗೇ ನಿಲ್ಲುತ್ತದೆ. ಪ್ರತಿ ಸಲ ತೋರಿಸುವುದೂ ಒಳ್ಳೆಯದಲ್ಲ. ಚಲನೆ ಕಲಿಯುವುದರ ಬಗ್ಗೆ ಸಂಶೋಧಕರಾದ ಸಾಲ್ಮೊನಿ, ಶ್ಮಿಟ್, ವಾಲ್ಟರ್ 1984ರಲ್ಲೇ ಈ ಎಚ್ಚರಿಕೆ ಕೊಟ್ಟಿದ್ದಾರೆ. ತಪ್ಪು ಸರಿ ಅಂತ ಪದೇ ಪದೇ ಹೊರಗಿನಿಂದ ತಿಳಿಸುತ್ತಿದ್ದರೆ, ಅಭ್ಯಾಸದ ಹೊತ್ತಿನಲ್ಲಿ ಚೆನ್ನಾಗಿ ಮಾಡುತ್ತಾರೆ. ಅದು ನಿಂತ ಮೇಲೆ ತಡವರಿಸುತ್ತಾರೆ. ವೇದಿಕೆಯ ಮೇಲೆ ಯಾರು ತಿಳಿಸುತ್ತಾರೆ, ಅಲ್ವಾ?

ಕನ್ನಡಿಯ ಮಾತೂ ಇದೇ. ಎಲ್ಲಿ ಕೈಯೋ ಅಲ್ಲಿ ಕಣ್ಣು, ಎಲ್ಲಿ ಕಣ್ಣೋ ಅಲ್ಲಿ ಮನಸ್ಸು ಅಂತ ಹಳೆಯ ನೃತ್ಯಗ್ರಂಥ ಅಭಿನಯ ದರ್ಪಣದ ಶ್ಲೋಕವನ್ನು ನಾವೆಲ್ಲ ಬಾಯಿಪಾಠ ಮಾಡಿಸುತ್ತೇವೆ. ಆಮೇಲೆ ಗೋಡೆ ತುಂಬ ಕನ್ನಡಿ ಹಾಕಿ ಅದರ ಮುಂದೆ ನಿಲ್ಲಿಸುತ್ತೇವೆ. ಕೈ ಬಲಕ್ಕೆ ಚಾಚಿದರೂ ಕಣ್ಣು ಕನ್ನಡಿ ಬಿಡುವುದಿಲ್ಲ. ಅಮೆರಿಕದಲ್ಲಿ ಸ್ಯಾಲಿ ರಾಡೆಲ್ ಮತ್ತು ಜೊತೆಯವರು ಬ್ಯಾಲೆ ವಿದ್ಯಾರ್ಥಿಗಳ ಮೇಲೆ ಮಾಡಿದ ಅಧ್ಯಯನ 2003ರಲ್ಲಿ ಪ್ರಕಟವಾಯಿತು. ನಿಧಾನಗತಿಯ ಭಾಗದಲ್ಲಿ ಕನ್ನಡಿ ಇಲ್ಲದೆ ಕಲಿತವರೇ ಹೆಚ್ಚು ಸುಧಾರಿಸಿದ್ದರು. ನನಗೆ ಆಶ್ಚರ್ಯವಾಗಲಿಲ್ಲ. ಮೊಣಕೈ ಬಿದ್ದಿದೆಯಾ ಅಂತ ನೋಡಲು ಒಂದೆರಡು ನಿಮಿಷ ಕನ್ನಡಿ ಸಾಕು, ಮಿಕ್ಕ ಹೊತ್ತು ಪರದೆ ಎಳೆಯಿರಿ.

ಫೋನ್ ಇಡುವ ಜಾಗದ ಬಗ್ಗೆಯೂ ಹೇಳಬೇಕು. ನೆಲದ ಮೇಲಿಟ್ಟರೆ ಕಾಲು ಉದ್ದ ಕಾಣುತ್ತದೆ, ಎತ್ತರದಿಂದ ತೆಗೆದರೆ ಗಿಡ್ಡ. ಎರಡರಲ್ಲೂ ಮಂಡಿಯ ಅಳತೆ ಸಿಗುವುದಿಲ್ಲ. ಸೊಂಟದ ಎತ್ತರಕ್ಕೆ, 3-4 ಮೀಟರ್ ದೂರದಲ್ಲಿ, ಹಿಂದಿನ ಕ್ಯಾಮೆರಾದಲ್ಲಿ ತೆಗೆಯಿರಿ. ಸೆಲ್ಫಿ ಕ್ಯಾಮೆರಾ ಎಡಬಲ ಅದಲುಬದಲು ತೋರಿಸಿ ಗೊಂದಲ ಮಾಡುತ್ತದೆ. ಸೆಕೆಂಡಿಗೆ 240 ಫ್ರೇಮ್ ತೆಗೆಯುವ ಫೋನ್ ಇದ್ದರೆ ಅದನ್ನು 30 ಫ್ರೇಮಿನಲ್ಲಿ ಓಡಿಸಿ 8 ಪಟ್ಟು ನಿಧಾನವಾಗಿ ನೋಡಬಹುದು. ನೆಲಕ್ಕೆ ಪಾದ ತಟ್ಟುವ ತಟ್ಟಡವಿನಲ್ಲಿ ಪಾದ ಪೂರ್ತಿ ಬೀಳುತ್ತಿದೆಯಾ, ಹಿಮ್ಮಡಿ ಮೊದಲು ಬೀಳುತ್ತಿದೆಯಾ ಅನ್ನುವುದು ಅದರಲ್ಲಿ ಚೆನ್ನಾಗಿ ತಿಳಿಯುತ್ತದೆ. ತಾಳವನ್ನು ಮಾತ್ರ ಸ್ಲೋ ಮೋಷನ್‌ನಲ್ಲಿ ಅಳೆಯಬೇಡಿ. ಅದಕ್ಕೆ ಕಿವಿಯೇ ಬೇಕು.

ಯುವಜನೋತ್ಸವಕ್ಕೆ ಡೊಳ್ಳು ಕುಣಿತ ಕಲಿಸುವವರು ಮೊದಲ ಮಹಡಿಯಿಂದ ಒಮ್ಮೆ ವಿಡಿಯೊ ಮಾಡಿ. ವೃತ್ತ ಎಲ್ಲಿ ಮೊಟ್ಟೆಯ ಆಕಾರಕ್ಕೆ ತಿರುಗಿದೆ ಅಂತ ತಕ್ಷಣ ಗೊತ್ತಾಗುತ್ತದೆ.

ರೆಕಾರ್ಡಿಂಗ್ ಅವರವರ ಫೋನಿನಲ್ಲೇ ಇರಲಿ. ಹೆಣ್ಣುಮಕ್ಕಳ ಅಭ್ಯಾಸದ ವಿಡಿಯೊ ವಾಟ್ಸಾಪ್ ಗ್ರೂಪಿಗೆ ಹೋಗಲೇಬಾರದು. ವಿಡಿಯೊ ಬೇಡ ಅನ್ನುವವರೂ ಇರುತ್ತಾರೆ, ಅವರನ್ನು ಒತ್ತಾಯಿಸಬೇಡಿ. ಜೊತೆಯವಳೊಬ್ಬಳು ಪಕ್ಕದಿಂದ ನೋಡಿ ಹೇಳಲಿ. ಅಲ್ಲೂ ಅಷ್ಟೇ, ಮೊದಲು ಕುಣಿದವಳು ಹೇಳಬೇಕು, ನೋಡಿದವಳು ಆಮೇಲೆ.