ಮೂಗು ಹಿಡಿದ್ರೆ ಬಾಯಿ ಬಿಡತ್ತೆ: ಹಿಂದಿನ ಡಿಫರೆನ್ಷಿಯಲ್ ಯಾಕೆ ಸೋರತ್ತೆ

ಒಂದೇ ಕಾರಿನ ಒಂದೇ ಆಯಿಲ್ ಸೀಲನ್ನ (ಎಣ್ಣೆ ಹೊರಗೆ ಬರದ ಹಾಗೆ ತಡೆಯೋ ರಬ್ಬರ್ ಬಳೆ) ನಾನು ಎರಡು ಸಲ ಬದ್ಲಾಯಿಸಿದೀನಿ, ಎರಡು ಸಲಾನೂ ಮತ್ತೆ ಸೋರ್ತು. ಸ್ನೇಹಿತನದು ಹಿಂದಿನ ಚಕ್ರಕ್ಕೆ ಪವರ್ ಹೋಗೋ ಜೋರು ಕಾರು, ಎರಡು ಹಿಂದಿನ ಚಕ್ರಕ್ಕೂ ಪವರ್ ಹಂಚೋ ಗೇರ್ ಡಬ್ಬ, ಅಂದ್ರೆ ಡಿಫರೆನ್ಷಿಯಲ್‌ನ ಎಡಗಡೆ ಚಕ್ರ ತಿರುಗಿಸೋ ಡ್ರೈವ್ ಶಾಫ್ಟ್ ಹೊರಗೆ ಬರೋ ಜಾಗ ಯಾವಾಗ್ಲೂ ಒದ್ದೆ. ಹೊಸ ಸೀಲ್ ಹಾಕಿ ಒರೆಸಿ ಬಿಟ್ರೆ ಮಾಮೂಲಿ ಓಡಾಟದಲ್ಲಿ ಒಂದು ಹನಿನೂ ಇಲ್ಲ, ಅವನು ಒಂದಿನ ಟ್ರ್ಯಾಕ್‌ಗೆ ಹೋಗಿ ಬಂದ ಅಂದ್ರೆ ಮತ್ತೆ ಅದೇ ಕಪ್ಪು ಜಿಡ್ಡು. ಮೂರನೇ ಸಲ ಕಾರಿನ್ನೂ ಬಿಸಿ ಇರೋವಾಗ್ಲೇ ದಪ್ಪ ಗ್ಲೌಸ್ ಹಾಕ್ಕೊಂಡು ಕೆಳಗೆ ಮಲಗಿ ಆ ಡಬ್ಬದ ಹೊರಮೈ, ಅಂದ್ರೆ ಹೌಸಿಂಗ್‌ನ ಮೇಲ್ಭಾಗ ತಡಕಾಡಿದೆ, ಒಳಗಿನ ಗಾಳಿ ಹೊರಗೆ ಹೋಗೋಕೆ ಬಿಡೋ ಬ್ರೀದರ್ ಇರ್ಬೇಕಾದ ಜಾಗದಲ್ಲಿ ಒಂದು ಗಟ್ಟಿ ಗಂಟು ಸಿಕ್ತು. ಯಾವಾಗ್ಲೋ ಯಾರೋ ತುಕ್ಕು ಹಿಡೀಬಾರ್ದು ಅಂತ ಕಾರಿನ ಅಡಿಗೆ ಕೋಟಿಂಗ್ ಹೊಡೆಯೋವಾಗ ಬ್ರೀದರನ್ನೂ ಸೇರಿಸಿ ಮೆತ್ತಿಬಿಟ್ಟಿದ್ರು. ಸ್ಪ್ಯಾನರ್ ಹಾಕಿ ಅರ್ಧ ಸುತ್ತು ಬಿಡಿಸಿದ್ದೇ ತಡ, ಉಸ್ಸ್ ಅಂತ ಗಾಳಿ ಬಂತು.

ಆ ಸದ್ದು ಕೇಳಿದ್ಮೇಲೆ ಸೋರಿಕೆ ಅನ್ನೋದನ್ನ ನಾನು ನೋಡೋ ರೀತಿನೇ ಬದಲಾಯ್ತು, ಅದಕ್ಕೇ ಇದನ್ನ ಬರೀತಿರೋದು.

ಡಿಫರೆನ್ಷಿಯಲ್ ಕೆಲಸ ಏನು ಅನ್ನೋದು ಬಹಳ ಜನಕ್ಕೆ ಗೊತ್ತೇ ಇರತ್ತೆ. ತಿರುವಿನಲ್ಲಿ ಹೊರಗಡೆ ಚಕ್ರ ಜಾಸ್ತಿ ದೂರ ಹೋಗ್ಬೇಕು, ಒಳಗಡೆದು ಕಮ್ಮಿ. ಎರಡು ಚಕ್ರದ ನಡುವೆ 1.5 ಮೀಟರ್ ಅಂತರ ಇದ್ರೆ ಕಾರು ಒಂದು ಪೂರ್ತಿ ಸುತ್ತು ಹಾಕೋ ಅಷ್ಟರಲ್ಲಿ ಹೊರಗಿನ ಚಕ್ರ ಸುಮಾರು 9.4 ಮೀಟರ್ ಹೆಚ್ಚು ಓಡಿರತ್ತೆ, ಸುತ್ತು ಚಿಕ್ಕದಾದ್ರೂ ದೊಡ್ಡದಾದ್ರೂ ಆ ವ್ಯತ್ಯಾಸ ಅಷ್ಟೇ. ಇದನ್ನ ಸಂಭಾಳಿಸೋಕೆ 1827ರಲ್ಲೇ ಫ್ರಾನ್ಸಿನ ಒನೆಸಿಫೋರ್ ಪೆಕ್ಕರ್ ತಮ್ಮ ಉಗಿ ಗಾಡಿಗೆ ಡಿಫರೆನ್ಷಿಯಲ್ ಪೇಟೆಂಟ್ ಮಾಡಿಸಿದ್ರು. ನಮಗೆ ಈಗ ಬೇಕಾಗಿರೋದು ಅದರ ಇನ್ನೊಂದು ಮುಖ, ಶಾಖ. ಇಂಜಿನ್ ಕಡೆಯಿಂದ ಬರೋ ಪಿನಿಯನ್ ಅನ್ನೋ ಚಿಕ್ಕ ಗೇರು, ಅದು ತಿರುಗಿಸೋ ದೊಡ್ಡ ಗೇರಾದ ಕ್ರೌನ್ ವೀಲ್‌ನ ಮಧ್ಯಕ್ಕೆ ನೇರವಾಗಿ ಬರದೆ ಸ್ವಲ್ಪ ಕೆಳಗೆ ಕೂತಿರತ್ತೆ, ಇದಕ್ಕೆ ಹೈಪಾಯ್ಡ್ ಗೇರ್ ಅಂತಾರೆ, ಹಾಗಾಗಿ ಹಲ್ಲುಗಳು ಬರೀ ಉರುಳಲ್ಲ, ಒಂದರ ಮೇಲೊಂದು ಉಜ್ಜಿಕೊಂಡು ಜಾರ್ತವೆ. ಬಂದ ಪವರ್‌ನಲ್ಲಿ ಶೇಕಡ 4 ಇಲ್ಲಿ ಶಾಖವಾಗಿ ಹೋಗತ್ತೆ ಅಂತ ಇಟ್ಕೊಳ್ಳಿ. 200 ಕಿಲೋವ್ಯಾಟ್ ಪವರನ್ನ ಬಿಡದೆ ಹಾಯಿಸಿದ್ರೆ 8 ಕಿಲೋವ್ಯಾಟ್ ಶಾಖ, ಅಂದ್ರೆ ನೀರು ಕಾಯಿಸೋ 2 ಕಿಲೋವ್ಯಾಟ್‌ನ ಹೀಟರ್ ನಾಲ್ಕು ಸೇರಿದಷ್ಟು, ಒಂದು ಒಂದೂವರೆ ಲೀಟರ್ ಎಣ್ಣೆ ಇರೋ ಚಿಕ್ಕ ಡಬ್ಬದೊಳಗೆ. ಮಾಮೂಲಿ ರಸ್ತೇಲಿ ಇಷ್ಟು ಪವರ್ ಕ್ಷಣಮಾತ್ರ ಹೋಗತ್ತೆ, ಟ್ರ್ಯಾಕಿನಲ್ಲಿ ಸುತ್ತು ಸುತ್ತಿಗೂ ಹೋಗತ್ತೆ. ಒಂದೇ ಕಾರು ರಸ್ತೇಲಿ ಒಣಗಿದ್ದು ಟ್ರ್ಯಾಕಿನಲ್ಲಿ ಸೋರೋದು ಯಾಕೆ ಅನ್ನೋದರ ಅರ್ಧ ಉತ್ತರ ಇದು.

ಇನ್ನು ಸೀಲ್. ನಾವೆಲ್ಲ ಅಂದ್ಕೊಂಡಿರೋದು ರಬ್ಬರ್ ಶಾಫ್ಟನ್ನ ಗಟ್ಟಿಯಾಗಿ ಹಿಡ್ಕೊಂಡಿರತ್ತೆ, ಬಾಟ್ಲಿಗೆ ಬಿರಡೆ ಇದ್ದ ಹಾಗೆ, ಅದಕ್ಕೇ ಎಣ್ಣೆ ಹೊರಗೆ ಬರಲ್ಲ ಅಂತ. ನಿಜ ಹಾಗಿಲ್ಲ. ಕಾರು 200 ಕಿಲೋಮೀಟರ್ ವೇಗದಲ್ಲಿ ಹೋಗೋವಾಗ ಪಿನಿಯನ್ ಸೀಲ್ ತಾಗೋ ಜಾಗದಲ್ಲಿ ಲೋಹದ ಮೇಲ್ಮೈ ಸೆಕೆಂಡಿಗೆ ಹತ್ತಿರ ಹತ್ತಿರ 15 ಮೀಟರ್ ಜಾರ್ತಿರತ್ತೆ, ರಬ್ಬರ್ ನಿಜವಾಗ್ಲೂ ಒಣಗೇ ಉಜ್ಜಿದ್ರೆ ಸ್ವಲ್ಪ ಹೊತ್ತಲ್ಲೇ ಸುಟ್ಟು ಹೋಗ್ಬೇಕಿತ್ತು. 1957ರಲ್ಲಿ ಜಾಗರ್ ಅನ್ನೋ ಸಂಶೋಧಕರು ತೋರಿಸಿದ್ದು ಇದನ್ನೇ, ಸೀಲಿನ ತುಟಿ (ಶಾಫ್ಟ್ ಕಡೆಗಿರೋ ಅದರ ತೆಳು ಅಂಚು) ಮತ್ತೆ ಶಾಫ್ಟ್ ಮಧ್ಯೆ ಎಣ್ಣೆಯ ತೆಳು ಪದರ ಒಂದಿರತ್ತೆ, ತುಟಿ ಅದರ ಮೇಲೆ ತೇಲ್ತಿರತ್ತೆ. ಪದರದ ದಪ್ಪ ಮೈಕ್ರಾನ್ ಲೆಕ್ಕದ್ದು, ಕೂದಲೆಳೆ ಅದರ ಮುಂದೆ ಹಗ್ಗ. ಹಾಗಾದ್ರೆ ಆ ಎಣ್ಣೆ ಹೊರಗೆ ಯಾಕೆ ಬರಲ್ಲ? ತುಟಿಯ ಎರಡು ಇಳಿಜಾರು ಒಂದೇ ಥರ ಇರಲ್ಲ, ಎಣ್ಣೆ ಕಡೆ ಕಡಿದು, ಸುಮಾರು 45 ಡಿಗ್ರಿ, ಹೊರಗಿನ ಕಡೆ ಚಪ್ಪಟೆ, ಸುಮಾರು 25 ಡಿಗ್ರಿ. ಶಾಫ್ಟ್ ತಿರುಗೋವಾಗ ತುಟಿ ಮೇಲಿನ ಕಣ್ಣಿಗೆ ಕಾಣದ ಉಬ್ಬುತಗ್ಗುಗಳು ಎಳೆತಕ್ಕೆ ಓರೆಯಾಗಿ ಚಿಕ್ಕ ಚಿಕ್ಕ ರೆಕ್ಕೆಗಳ ಥರ ಕೆಲಸ ಮಾಡಿ, ಹೊರಗೆ ಬರೋಕೆ ನೋಡೋ ಎಣ್ಣೆಯನ್ನ ಪುನಃ ಒಳಗೇ ತಳ್ತವೆ. ಅಂದ್ರೆ ಸೀಲ್ ಒಂದು ಪುಟ್ಟ ಪಂಪು! ನನಗೆ ಇದು ಗೊತ್ತಾದ ದಿನ ತುಂಬಾ ಖುಷಿಯಾಗಿತ್ತು, ಒಂದು ರಬ್ಬರ್ ಬಳೆ ಒಳಗೆ ಇಷ್ಟೆಲ್ಲ ಇದೆಯಾ ಅಂತ. ಅದೇ ಸೀಲನ್ನ ತಿರುಗಿಸಿ ಉಲ್ಟಾ ಕೂರಿಸಿದ್ರೆ ಅದು ಎಣ್ಣೆಯನ್ನ ಹೊರಗೆ ಪಂಪ್ ಮಾಡತ್ತೆ.

ಪಂಪು ಅಂದ್ಮೇಲೆ ಅದಕ್ಕೊಂದು ಮಿತಿ ಇರ್ಲೇಬೇಕು. ಮಾಮೂಲಿ ಆಯಿಲ್ ಸೀಲ್‌ಗಳು ತಡಕೊಳ್ಳೋ ಒತ್ತಡ ವೇಗ ನೋಡಿಕೊಂಡು 0.2ರಿಂದ 0.5 ಬಾರ್ ಅಷ್ಟೇ (1 ಬಾರ್ ಅಂದ್ರೆ ಹೆಚ್ಚುಕಮ್ಮಿ ನಮ್ಮ ಸುತ್ತಲಿನ ಗಾಳಿಯ ಒತ್ತಡ), ವೇಗ ಏರಿದಷ್ಟೂ ಇದು ಇಳಿಯತ್ತೆ. ಈಗ ಬ್ರೀದರ್ ಮುಚ್ಚಿಹೋಗಿರೋ ಹೌಸಿಂಗ್ ಲೆಕ್ಕ ಹಾಕಿ. ಒಳಗಿರೋ ಗಾಳಿ 20 ಡಿಗ್ರಿ ಸೆಲ್ಸಿಯಸ್‌ನಿಂದ 120ಕ್ಕೆ ಹೋಯ್ತು ಅಂದ್ರೆ, ಸ್ಕೂಲಲ್ಲಿ ಓದಿದ ಅನಿಲದ ನಿಯಮದ ಪ್ರಕಾರ ಕೆಲ್ವಿನ್‌ನಲ್ಲಿ 293ರಿಂದ 393, ಒತ್ತಡ ಮೂರನೇ ಒಂದು ಭಾಗ ಏರತ್ತೆ, ಹತ್ತಿರ ಹತ್ತಿರ 0.34 ಬಾರ್. ಜೊತೆಗೆ ಎಣ್ಣೆನೂ ಹಿಗ್ಗತ್ತೆ, ಒಂದು ಲೀಟರ್ 100 ಡಿಗ್ರಿ ಬಿಸಿಯಾದ್ರೆ 70 ಮಿಲಿಲೀಟರ್ ಆಸುಪಾಸು, ಗಾಳಿಗೆ ಇದ್ದ ಜಾಗನೂ ಕಿರಿದಾಗತ್ತೆ. ಟೈರಿನ ಒತ್ತಡದ ಮುಂದೆ ಇದೇನೂ ಅಲ್ಲ, ಆದ್ರೆ ಆ ತುಟಿಗೆ ಇದೇ ಜಾಸ್ತಿ. ಮೂಗು ಹಿಡಿದ್ರೆ ಬಾಯಿ ಬಿಡತ್ತೆ ಅಂತಾರಲ್ಲ, ಅಕ್ಷರಶಃ ಹಾಗೇ, ಬ್ರೀದರ್ ಮುಚ್ಚಿದ್ರೆ ಸೀಲ್ ಬಾಯಿ ಬಿಡತ್ತೆ. ಹೊಸ ಸೀಲ್ ಎಷ್ಟು ಹಾಕಿದ್ರೂ ಅದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗೆ.

ಟ್ರ್ಯಾಕಿನಲ್ಲಿ ಇನ್ನೊಂದೂ ನಡೀತಿರತ್ತೆ. ಬಹಳಷ್ಟು ಡಿಫರೆನ್ಷಿಯಲ್ ಒಳಗೆ ಎಣ್ಣೆ ಪಂಪ್ ಇರಲ್ಲ, ಕ್ರೌನ್ ವೀಲ್ ಎಣ್ಣೇಲಿ ಮುಳುಗಿ ತಿರುಗ್ತಾ ಎಲ್ಲ ಕಡೆ ಎರಚತ್ತೆ. ಒಳ್ಳೆ ಟೈರಿರೋ ಕಾರು ತಿರುವಿನಲ್ಲಿ 1 ಜಿ ಬಲ, ಅಂದ್ರೆ ಕಾರಿನ ತೂಕದಷ್ಟೇ ಪಕ್ಕದ ಬಲ ಹುಟ್ಟಿಸತ್ತೆ, ಆಗ ಎಣ್ಣೆಯ ಮೇಲ್ಮೈ ನೆಲಕ್ಕೆ ಸಮನಾಗಿರದೆ 45 ಡಿಗ್ರಿ ವಾಲಿ ನಿಲ್ಲತ್ತೆ. ಉದ್ದದ ತಿರುವಾದ್ರೆ ಎಣ್ಣೆ ಎಲ್ಲ ಒಂದು ಪಕ್ಕಕ್ಕೆ ಬಂದು ಆ ಕಡೆ ಸೀಲ್ ಮೇಲೆ ಗುಡ್ಡೆ ಬೀಳತ್ತೆ. ಬಲಕ್ಕೆ ತಿರುಗೋ ತಿರುವುಗಳೇ ಜಾಸ್ತಿ ಇರೋ ಟ್ರ್ಯಾಕಲ್ಲಿ ಎಡಗಡೆ ಸೀಲಿಗೆ ಕೆಲಸ ಜಾಸ್ತಿ. ಒಂದಿಷ್ಟು ಹೆಚ್ಚೇ ಇರ್ಲಿ ಅಂತ ಎಣ್ಣೆ ತುಂಬಿಸೋರಿಗೆ ಇದು ಇನ್ನೂ ಕಷ್ಟ ತರತ್ತೆ, ನೊರೆ ಏಳತ್ತೆ, ಬ್ರೀದರ್ ಚೆನ್ನಾಗಿದ್ರೂ ಅದರ ಮೂಲಕನೇ ಎಣ್ಣೆ ಉಕ್ಕತ್ತೆ, ಅದು ಹೌಸಿಂಗ್ ಮೇಲಿಂದ ಇಳಿದು ಸೀಲ್ ಹತ್ರ ಬಂದು ನಿಂತಾಗ ನೋಡಿದವರು ಸೀಲ್ ಹೋಗಿದೆ ಅಂತ್ಲೇ ಹೇಳ್ತಾರೆ.

ಹಾಗಾಗಿ ಸ್ಪ್ಯಾನರ್ ಎತ್ತೋಕೆ ಮುಂಚೆ ಎಲ್ಲಿಂದ ಬರ್ತಿದೆ ಅನ್ನೋದನ್ನ ಸಮಾಧಾನವಾಗಿ ಹುಡುಕಿ. ಗೇರ್ ಆಯಿಲ್ ಅನ್ನೋದು ವಾಸನೆಯಲ್ಲೇ ಗೊತ್ತಾಗತ್ತೆ, ಹಲ್ಲುಗಳ ಮೇಲೆ ರಕ್ಷಣೆಯ ಪದರ ಕಟ್ಟೋಕೆ ಸೇರಿಸಿರೋ ಗಂಧಕದ ವಾಸನೆ ಅದು, ಒಂದು ಸಲ ಮೂಸಿದ್ರೆ ಮರೆಯಲ್ಲ. ವಾಸನೆ ಇಲ್ಲದೆ ದಪ್ಪ ಗ್ರೀಸ್ ಸುತ್ತ ಚಿಮ್ಮಿದ್ರೆ ಅದು ಡ್ರೈವ್ ಶಾಫ್ಟ್ ಕೀಲಿನ ರಬ್ಬರ್ ಹೊದಿಕೆ (ಬೂಟ್) ಹರಿದಿರೋದು. ಓಡೋ ಗಾಳಿ ಎಣ್ಣೆಯನ್ನ ಹಿಂದಕ್ಕೆ ತಳ್ಳತ್ತೆ, ಭೂಮಿ ಕೆಳಕ್ಕೆ ಎಳೆಯತ್ತೆ, ಆದ್ದರಿಂದ ಒದ್ದೆಯಾಗಿರೋ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲೆ ಮತ್ತೆ ಎಲ್ಲಕ್ಕಿಂತ ಮುಂದೆ ಇರೋದೇ ಮೂಲ. ಹೌಸಿಂಗ್ ಪೂರ್ತಿ ತೊಳೆದು ಒಣಗಿಸಿ, ಸೀಲ್ ಸುತ್ತ, ಕವರ್ ಅಂಚು, ಪ್ಲಗ್, ಬ್ರೀದರ್ ಎಲ್ಲ ಕಡೆ ಪೌಡರ್ ಉದುರಿಸಿ, ಒಂದು ಅರ್ಧ ಗಂಟೆ ಓಡಿಸಿ ಬಂದು ನೋಡಿ, ಪೌಡರ್ ಮೇಲೆ ಗೆರೆ ಮೂಡಿರತ್ತೆ. ತಡ ಮಾಡೋಕೆ ಹೋಗ್ಬೇಡಿ, ನಿಮಿಷಕ್ಕೊಂದು ಹನಿ ಬಿದ್ರೂ ದಿನಕ್ಕೆ 70 ಮಿಲಿಲೀಟರ್ ಮೇಲೆ, ಆ ಹನಿ ಬಿಸಿ ಸೈಲೆನ್ಸರ್ ಪೈಪಿಗೆ ಅಥವಾ ಟೈರಿಗೆ ಬಿದ್ರೆ ಅಪಾಯವೇ ಬೇರೆ.

ಪಕ್ಕದ ಸೀಲೇ ಹೋಗಿದೆ ಅಂತ ಖಾತ್ರಿ ಆದ್ರೆ ಕೆಲಸ ಶುರು. ಕಾರನ್ನ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ಬರೀ ಜ್ಯಾಕ್ ನಂಬಿ ಕೆಳಗೆ ಹೋಗಲೇಬೇಡಿ. ಮೊದಲು ಎಣ್ಣೆ ಹಾಕೋ ಫಿಲ್ಲರ್ ಪ್ಲಗ್ ಬಿಚ್ಚಕ್ಕೆ ಬರತ್ತಾ ನೋಡಿ, ಆಮೇಲೆ ಕೆಳಗಿನದು, ಯಾಕಂದ್ರೆ ಎಣ್ಣೆ ಎಲ್ಲ ಇಳಿಸಿದ್ಮೇಲೆ ಮೇಲಿನ ಪ್ಲಗ್ ಬರಲಿಲ್ಲ ಅಂದ್ರೆ ಕಾರು ಅಲ್ಲೇ ನಿಂತ್ಕೊಳತ್ತೆ. ಪ್ಲಗ್‌ನ ಆಯಸ್ಕಾಂತಕ್ಕೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಅಂಟಿದ್ರೆ ಸಹಜ, ಬೆರಳಿಗೆ ಚುಚ್ಚೋ ಚೂರು ಸಿಕ್ರೆ ಒಳಗೆ ಬೇರೆ ತೊಂದರೆ ಇದೆ. ಡ್ರೈವ್ ಶಾಫ್ಟ್ ಎಳೆದು ಸೀಲ್ ತಾಗ್ತಿದ್ದ ಜಾಗದ ಮೇಲೆ ಉಗುರು ಆಡಿಸಿ. ಹೊಳೆಯೋ ಗೆರೆ ಕಂಡ್ರೆ ಪರವಾಗಿಲ್ಲ, ಉಗುರು ಸಿಕ್ಕಿ ನಿಂತ್ರೆ ಅಲ್ಲಿ ತೋಡು ಬಿದ್ದಿದೆ ಅಂತ ಅರ್ಥ, ಮೆತ್ತನೆ ರಬ್ಬರ್ ಗಟ್ಟಿ ಉಕ್ಕನ್ನ ಸವೆಸಿಬಿಟ್ಟಿರತ್ತೆ, ತುಟಿಗೆ ಸಿಕ್ಕಿಕೊಂಡ ಧೂಳು ಉಪ್ಪುಕಾಗದದ ಕೆಲಸ ಮಾಡಿರತ್ತೆ. ಆಗ ಕಾಲು ಮಿಲಿಮೀಟರ್ ದಪ್ಪದ ಸ್ಟೀಲ್ ಸ್ಲೀವ್ ಹೊದಿಸಬಹುದು, ಇಲ್ಲಾ ಜಾಗ ಇದ್ರೆ ಹೊಸ ಸೀಲನ್ನ ಒಂದು ಮಿಲಿಮೀಟರ್ ಆಚೀಚೆ ಕೂರಿಸಿದ್ರೆ ತುಟಿಗೆ ಸವೆಯದ ಜಾಗ ಸಿಗತ್ತೆ. ಆ ಗೆರೆಯನ್ನ ಉಪ್ಪುಕಾಗದದಲ್ಲಿ ಓರೆಕೋರೆಯಾಗಿ ಉಜ್ಜಿ ನುಣುಪು ಮಾಡೋಕೆ ಹೋಗೋರಿದಾರೆ, ದಯವಿಟ್ಟು ಬೇಡ, ಓರೆ ಗೀರುಗಳು ಸ್ಕ್ರೂ ಮರೆಗಳ ಥರ ಎಣ್ಣೆಯನ್ನ ಹೊರಗೆ ಎಳ್ಕೊಂಡು ಬರ್ತವೆ.

ಹೊಸ ಸೀಲಿನ ತುಟಿಗೆ ಗೇರ್ ಆಯಿಲ್ ಸವರ್ಬೇಕು, ಮೊದಲ ಕೆಲವು ಸುತ್ತು ಒಣಗೇ ತಿರುಗಿದ್ರೆ ಆ ತುಟಿ ಅಲ್ಲೇ ಹಾಳು. ಶಾಫ್ಟ್ ಒಳಗೆ ತೂರಿಸೋವಾಗ ಅದರ ತುದಿಯ ಹಲ್ಲುಗಳ ಮೇಲೆ ತೆಳು ಟೇಪ್ ಸುತ್ತಿ, ಚೂಪು ಅಂಚು ತುಟಿಯನ್ನ ಸೀಳದ ಹಾಗೆ. ಸೀಲನ್ನ ಸರಿಯಾದ ಅಳತೆಯ ಬಳೆ ಇಟ್ಟು ಸುತ್ತಲೂ ಸಮನಾಗಿ ತಳ್ಳಿ, ಒಂದು ಪಕ್ಕ ಹೊಡೆದು ಆಮೇಲೆ ಇನ್ನೊಂದು ಪಕ್ಕ ಹೊಡೆದ್ರೆ ಸೀಲ್ ಓರೆಯಾಗಿ ಕೂರತ್ತೆ.

ಪಿನಿಯನ್ ಸೀಲ್ ಆದ್ರೆ ಮಾತ್ರ ನಾನು ಅನುಭವ ಇರೋರ ಕೈಗೆ ಕೊಡಿ ಅಂತೀನಿ. ಅಲ್ಲಿನ ನಟ್ಟು ಬರೀ ಇಂಜಿನ್ ಕಡೆಯ ಶಾಫ್ಟ್ ಬಂದು ಸೇರೋ ಫ್ಲ್ಯಾಂಜನ್ನ ಹಿಡ್ಕೊಂಡಿಲ್ಲ, ಬಹಳ ಕಾರುಗಳಲ್ಲಿ ಅದು ಒಳಗಿರೋ ಒಂದು ಕೊಳವೆಯನ್ನ ನಸು ಜಜ್ಜಿ ಬೇರಿಂಗ್‌ಗಳ ಬಿಗಿತವನ್ನ ನಿಗದಿ ಮಾಡಿರತ್ತೆ. ಬಿಚ್ಚೋಕೆ ಮುಂಚೆ ಪಿನಿಯನ್ ತಿರುಗಿಸೋಕೆ ಎಷ್ಟು ಬಲ ಬೇಕು ಅಂತ ಅಳೆದು ಬರೆದುಕೊಳ್ಳದೆ ಇದ್ರೆ ಮತ್ತೆ ಅದೇ ಬಿಗಿತಕ್ಕೆ ತರೋದು ಕಷ್ಟ, ಒಂದು ಚೂರು ಜಾಸ್ತಿ ಬಿಗಿದ್ರೂ ಕೊಳವೆ ಇನ್ನೂ ಜಜ್ಜಿ ಹೋಗತ್ತೆ, ನಟ್ಟು ಹಿಂದಕ್ಕೆ ಬಿಟ್ರೆ ಸರಿಹೋಗಲ್ಲ, ಹೊಸ ಕೊಳವೆನೇ ಬೇಕು.

ಎಣ್ಣೆ ಕಾರಿನ ಪುಸ್ತಕದಲ್ಲಿ ಹೇಳಿರೋದೇ ಹಾಕಿ. ಹೈಪಾಯ್ಡ್ ಗೇರಿಗೆ ಸಾಮಾನ್ಯವಾಗಿ ಜಿಎಲ್-5 ದರ್ಜೆಯ ಎಣ್ಣೆ, ಒಂದೇ ಚಕ್ರ ಸುಮ್ನೆ ತಿರುಗದ ಹಾಗೆ ತಡೆಯೋಕೆ ಒಳಗೆ ಕ್ಲಚ್ ಪ್ಲೇಟ್ ಇರೋ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಆದ್ರೆ ಘರ್ಷಣೆ ಹದ ಮಾಡೋ ಅಡಿಟಿವ್ ಕೂಡ ಬೇಕಾಗತ್ತೆ, ಇಲ್ಲ ಅಂದ್ರೆ ನಿಧಾನ ತಿರುವಿನಲ್ಲಿ ಹಿಂದುಗಡೆ ಗಡಗಡ ಅನ್ನತ್ತೆ. ಕಾರು ಸಮತಟ್ಟಾಗಿ ನಿಂತಿರ್ಬೇಕು, ಫಿಲ್ಲರ್ ತೂತಿನ ಕೆಳ ಅಂಚಿಗೆ ಎಣ್ಣೆ ಬಂದು ಮೆಲ್ಲಗೆ ಹೊರಗೆ ಇಣುಕಿದ್ರೆ ಸಾಕು, ಹೆಚ್ಚಿನ ಕಾರುಗಳಲ್ಲಿ ಅದೇ ಮಟ್ಟ. ಇಳಿಸಿದ ಹಳೇ ಎಣ್ಣೆಯನ್ನ ಚರಂಡಿಗೆ ಸುರಿಯದೆ ಹಳೇ ಎಣ್ಣೆ ತಗೊಳ್ಳೋ ಕಡೆ ಕೊಡಿ.

ಸ್ನೇಹಿತನ ಕಾರಿಗೆ ಆ ಸಲ ಮಾಡಿದ್ದು ಇಷ್ಟೇ, ಬ್ರೀದರ್ ಹೊಸದು, ಅದರ ಬಾಯಿಗೆ ಒಂದು ಪೈಪ್ ಹಾಕಿ ಕೆಸರು ತಾಗದಷ್ಟು ಎತ್ತರಕ್ಕೆ ಒಯ್ದು ಕಟ್ಟಿದ್ವಿ, ಒತ್ತಡಕ್ಕೆ ಸಿಕ್ಕಿ ಸೋತಿದ್ದ ಎಡಗಡೆ ಸೀಲನ್ನೂ ಬದ್ಲಾಯಿಸಿದ್ವಿ. ಅವನು ಟ್ರ್ಯಾಕಿಂದ ವಾಪಸ್ ಬಂದಾಗ ಟಾರ್ಚ್ ಹಿಡ್ಕೊಂಡು ಕೆಳಗೆ ನೋಡಿದೆ, ಸೀಲ್ ಸುತ್ತ ಉದುರಿಸಿದ್ದ ಪೌಡರ್ ಮೇಲೆ ರಸ್ತೆ ಧೂಳು ಕೂತಿತ್ತು, ಒದ್ದೆ ಇರ್ಲಿಲ್ಲ. ಮಾರನೇ ದಿನ ಪೂರ್ತಿ ತಣ್ಣಗಾದ್ಮೇಲೆ ಫಿಲ್ಲರ್ ಪ್ಲಗ್ ಬಿಚ್ಚಿ ಕಿರುಬೆರಳು ಹಾಕಿದೆ, ಎಣ್ಣೆ ಹಾಕಿದ ಮಟ್ಟದಲ್ಲೇ ಇತ್ತು.