ಬಿಸಿ ಇಳಿಸಿ ಕರೆಂಟ್ ಉಳಿಸುವವರಿಗೆ

ಕಾರ್ಖಾನೆಯ ಗಾಳಿಯಲ್ಲಿರುವ ಸಾಲ್ವೆಂಟ್ (ಬಣ್ಣ, ಇಂಕು ಕರಗಿಸುವ ದ್ರವ) ಆವಿಯನ್ನು ಬಿಸಿಯಿಂದ ಒಡೆದು ಹಾಕುವ ಯಂತ್ರ ಕೂರಿಸಿ ಬಂದ ಮೇಲೆ ಗಿರಾಕಿಗಳಿಂದ ಫೋನ್ ಬರುವುದು ಹೆಚ್ಚಾಗಿ ಒಂದೇ ವಿಷಯಕ್ಕೆ. 'ಸರ್, 400 ಡಿಗ್ರಿ ಇಟ್ಟಿದ್ದೀರಲ್ಲ, 250ಕ್ಕೆ ಇಳಿಸಿದ್ರೆ ಅರ್ಧ ಕೆಲಸ ಆದ್ರೂ ಆಗುತ್ತೆ ಅಲ್ವಾ?' ಆಗಲ್ಲ. ಇಷ್ಟು ಹೇಳಿ ಫೋನ್ ಇಟ್ಟರೆ ಅವರು ಮರುದಿನ ಇಳಿಸಿಯೇ ಇಳಿಸುತ್ತಾರೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಒಳಗಿರುವುದು ಸಣ್ಣ ಸಣ್ಣ ತೂತುಗಳ ಹನಿಕೋಂಬ್ ಸೆರಾಮಿಕ್, ಅದರ ಒಳಗೋಡೆಗೆ ಕ್ರೋಮಿಯಂ ಆಕ್ಸೈಡಿನ ಹಸಿರು ಲೇಪ. ತಣ್ಣಗಿದ್ದಾಗ ಆ ಲೇಪ ಸುಮ್ನೆ ಬಣ್ಣ, ಅಷ್ಟೇ. ಅದು ಸೆಮಿಕಂಡಕ್ಟರ್, ಅಂದರೆ ಅರೆವಾಹಕ. ಚೆನ್ನಾಗಿ ಕಾದಾಗ ಮಾತ್ರ ಅದರೊಳಗಿನ ಎಲೆಕ್ಟ್ರಾನ್‌ಗಳು ಮೇಲಿನ ಶಕ್ತಿಮಟ್ಟಕ್ಕೆ ಹಾರಿ, ಬಿಟ್ಟ ಜಾಗದಲ್ಲಿ 'ಹೋಲ್'ಗಳು ಉಳಿಯುತ್ತವೆ. ಈ ಹೋಲ್‌ಗಳು ತಮ್ಮನ್ನು ಮುಟ್ಟಿದ ಸಾಲ್ವೆಂಟ್ ಅಣುವಿನಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತವೆ. ಅಣು ಸಡಿಲವಾಗಿ ತುಂಡು ತುಂಡಾಗುತ್ತದೆ, ಆ ತುಂಡುಗಳನ್ನು ಗಾಳಿಯ ಆಕ್ಸಿಜನ್ ಸುಟ್ಟು ನೀರಾವಿ, ಕಾರ್ಬನ್ ಡೈಆಕ್ಸೈಡ್ ಮಾಡುತ್ತದೆ. ಜಪಾನಿನ ಯೋಕೋಹಾಮಾ ನ್ಯಾಷನಲ್ ಯೂನಿವರ್ಸಿಟಿಯಲ್ಲಿ ಜಿನ್ ಮಿಝುಗುಚಿ ಮತ್ತು ಅವರ ಜೊತೆಯವರು ಬೆಳೆಸಿದ ವಿಧಾನ ಇದು. ಯುವಿ ದೀಪ ಹಾಕುವ ಟೈಟಾನಿಯಂ ಡೈಆಕ್ಸೈಡ್ ಯಂತ್ರದ ಜೊತೆ ಇದನ್ನು ಗೊಂದಲ ಮಾಡಿಕೊಳ್ಳಬೇಡಿ. ಅಲ್ಲಿ ಬೆಳಕು ಮಾಡುವ ಕೆಲಸವನ್ನು ಇಲ್ಲಿ ಬಿಸಿ ಮಾಡುತ್ತದೆ.

ಈಗ ಮುಖ್ಯ ವಿಷಯ. ಹೋಲ್‌ಗಳ ಸಂಖ್ಯೆ ಬಿಸಿಯ ಜೊತೆ ಒಂದೇ ಲೆಕ್ಕದಲ್ಲಿ ಏರುವುದಿಲ್ಲ, ಇಳಿಯುವುದೂ ಇಲ್ಲ. ಕೆಲಸ ನಡೆಯುವುದು ಸಾಮಾನ್ಯವಾಗಿ 350ರಿಂದ 500 ಡಿಗ್ರಿ ನಡುವೆ. ಅದರ ಕೆಳಗೆ ನೂರು ಡಿಗ್ರಿ ಇಳಿಸಿದರೆ ಕೆಲಸ ಕಾಲು ಭಾಗವಲ್ಲ, ಹಲವು ಪಟ್ಟು ಕಡಿಮೆಯಾಗುತ್ತದೆ. ಯಾವ ಸಾಲ್ವೆಂಟ್, ಗಾಳಿ ಎಷ್ಟು ವೇಗದಲ್ಲಿ ಹೋಗುತ್ತಿದೆ ಎಂಬುದರ ಮೇಲೆ ಸ್ವಲ್ಪ ಆಚೀಚೆ ಆಗಬಹುದು, ನಿಮ್ಮ ಯಂತ್ರಕ್ಕೆ ಇಷ್ಟೇ ಸರಿ ಅಂತ ನೋಡದೆ ಹೇಳಲಾರೆ. ಆದರೆ 250ಕ್ಕೆ ಇಳಿಸಿ ಅಂತ ಯಾರಿಗೂ ಹೇಳಿಲ್ಲ.

ಅರ್ಧ ಕೆಲಸ ಆದರೂ ಪರವಾಗಿಲ್ಲ ಅನ್ನುವವರು ಇನ್ನೊಂದು ಮಾತು ಕೇಳಿ. ಹಸಿ ಸೌದೆ ಒಲೆಗಿಟ್ಟರೆ ಬೆಂಕಿಗಿಂತ ಹೊಗೆಯೇ ಜಾಸ್ತಿ, ಇಲ್ಲೂ ಹಾಗೆಯೇ. ಎಥನಾಲ್, ಟಾಲ್ಯೂಯಿನ್ ಎರಡೂ ಸಾಲ್ವೆಂಟ್‌ಗಳೇ. ಅರ್ಧ ಮುರಿದ ಎಥನಾಲ್ ಅಸಿಟಾಲ್ಡಿಹೈಡ್ ಆಗುತ್ತದೆ, ಟಾಲ್ಯೂಯಿನ್‌ನಿಂದ ಬೆನ್ಜಾಲ್ಡಿಹೈಡ್ ಬರಬಹುದು, ಜೊತೆಗೆ ಕಾರ್ಬನ್ ಮೊನಾಕ್ಸೈಡ್. ಅಸಿಟಾಲ್ಡಿಹೈಡ್ ಎಥನಾಲ್‌ಗಿಂತ ತುಂಬಾ ಕಡಿಮೆ ಪ್ರಮಾಣದಲ್ಲೇ ಮೂಗಿಗೆ ಹೊಡೆಯುತ್ತದೆ. ಪ್ರಿಂಟಿಂಗ್ ಘಟಕ ನಡೆಸುವ ಒಬ್ಬರು, ತುಂಬಾ ಒಳ್ಳೆಯ ಮನುಷ್ಯ, ಒಂದೊಂದು ಯೂನಿಟ್ ಕರೆಂಟನ್ನೂ ಲೆಕ್ಕ ಇಡುವವರು, ರಾತ್ರಿ ಪಾಳಿಯಲ್ಲಿ ತಾವೇ ಬಿಸಿ ಇಳಿಸಿ, ಆಮೇಲೆ ನನಗೇ ದೂರು ಹೇಳಿದರು: 'ನಿಮ್ಮ ಯಂತ್ರ ಹಾಕೋ ಮುಂಚೆ ಇಷ್ಟು ವಾಸನೆ ಇರಲಿಲ್ಲ.' ನಿಜ, ಇರಲಿಲ್ಲ! ಮುಚ್ಚಳ ತೆಗೆದರೆ ಹಸಿರು ಲೇಪ ಕಾಣಲೇ ಇಲ್ಲ, ತೂತುಗಳ ಬಾಯಿಗೆ ಕಂದು ಬಣ್ಣದ ಜಿಗುಟು ಟಾರ್ ಕಟ್ಟಿತ್ತು. ಗಾಳಿ ಮಿತಿಯಲ್ಲಿಟ್ಟು ನಿಧಾನಕ್ಕೆ ಬಿಸಿ ಏರಿಸಿದ ಮೇಲೆ ಹಸಿರು ತಿರುಗಿ ಬಂತು. ಇದನ್ನು ನೀವೇ ಮಾಡಲು ಹೋಗಬೇಡಿ, ದಯವಿಟ್ಟು. ಟಾರ್ ಒಮ್ಮೆಗೇ ಹೊತ್ತಿಕೊಂಡರೆ ಸೆರಾಮಿಕ್ ಬಿರಿಯುತ್ತದೆ, ಅಷ್ಟಕ್ಕೇ ನಿಂತರೆ ಪುಣ್ಯ.

ಪ್ಯಾನೆಲ್‌ನಲ್ಲಿ 400 ತೋರಿಸುತ್ತಿದೆಯಲ್ಲ ಅನ್ನಬೇಡಿ. ಬಿಸಿ ಅಳೆಯುವ ಆ ಥರ್ಮೋಕಪಲ್ ಹೀಟರ್ ಪಕ್ಕ ಇದ್ದರೆ ಅದು ಹೀಟರಿನ ಬಿಸಿ, ಲೇಪದ್ದಲ್ಲ. ನಾನು ನಂಬುವುದು ಕಾರ್ಬನ್ ಡೈಆಕ್ಸೈಡ್ ಮೀಟರನ್ನು. ಒಂದು ಟಾಲ್ಯೂಯಿನ್ ಅಣುವಿನಲ್ಲಿ 7 ಕಾರ್ಬನ್ ಇವೆ. ಒಳಗೆ ಹೋದ 100 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 100 ಭಾಗ) ಪೂರ್ತಿ ಒಡೆದಿದ್ದರೆ ಹೊರಗೆ ಕಾರ್ಬನ್ ಡೈಆಕ್ಸೈಡ್ ಸುಮಾರು 700 ಪಿಪಿಎಂ ಏರಿರಬೇಕು. ಏರಿದ್ದು 400 ಮಾತ್ರ ಅಂದರೆ ಉಳಿದದ್ದು ಒಡೆಯದೆ ಹೋಗಿದೆ, ಅರ್ಧ ಸುಟ್ಟು ಹೋಗಿದೆ, ಇಲ್ಲ ಗೋಡೆಗೆ ಅಂಟಿಕೊಂಡಿದೆ. ಹೀಟರ್ ಗ್ಯಾಸಿನದ್ದಾದರೆ ಅದರಿಂದಲೂ ಕಾರ್ಬನ್ ಡೈಆಕ್ಸೈಡ್ ಬಂದು ಈ ಲೆಕ್ಕ ಕೆಡುತ್ತದೆ, ಎಲೆಕ್ಟ್ರಿಕ್ ಆದರೆ ಸರಿ.

ಕರೆಂಟ್ ಖರ್ಚು ನಿಜವಾದ ಕಷ್ಟ, ಒಪ್ಪುತ್ತೇನೆ. ಗಂಟೆಗೆ 1000 ಘನ ಮೀಟರ್ ಗಾಳಿಯನ್ನು 30ರಿಂದ 350 ಡಿಗ್ರಿಗೆ ಏರಿಸಲು ನೂರು ಕಿಲೋವ್ಯಾಟ್‌ಗೂ ಜಾಸ್ತಿ ಬೇಕು. ಅದಕ್ಕೆ ಮದ್ದು ಹೀಟ್ ಎಕ್ಸ್‌ಚೇಂಜರ್: ಹೊರಗೆ ಹೋಗುವ ಬಿಸಿಗಾಳಿಯಿಂದ ಒಳಗೆ ಬರುವ ಗಾಳಿಯನ್ನು ಕಾಯಿಸಿ. ಪೇಂಟ್ ಹೊಡೆಯುವ ಬೂತಿನಲ್ಲಿ ಬೇಡದ ಗಾಳಿ ಎಳೆಯುವುದನ್ನೂ ಕಡಿಮೆ ಮಾಡಬಹುದು. ಆಗ ಗಾಳಿಯಲ್ಲಿ ಸಾಲ್ವೆಂಟ್ ಆವಿಯ ಪ್ರಮಾಣ ಹೆಚ್ಚುತ್ತದೆ, ಸುಟ್ಟಾಗ ಅದು ತಾನೇ ಬಿಸಿ ಕೊಡುತ್ತದೆ. ಟಾಲ್ಯೂಯಿನ್ 1000 ಪಿಪಿಎಂ ಪೂರ್ತಿ ಉರಿದರೆ ಗಾಳಿ ಸುಮಾರು 120 ಡಿಗ್ರಿ ಏರುತ್ತದೆ. ಆದರೆ ಸ್ಫೋಟದ ಕೆಳಮಿತಿಯ (ಗಾಳಿಯಲ್ಲಿ ಆವಿ ಹೊತ್ತಿಕೊಳ್ಳಲು ಬೇಕಾದ ಕನಿಷ್ಠ ಪ್ರಮಾಣದ) ಕಾಲು ಭಾಗ ದಾಟದಂತೆ ಸುರಕ್ಷತೆ ನೋಡುವವರನ್ನು ಕೇಳಿಯೇ ಮಾಡಿ.

ಇನ್ನು ಸಿಲಿಕೋನ್. ಸಿಲಿಕೋನ್ ಆವಿ ಸುಟ್ಟರೆ ಉಳಿಯುವುದು ಬಿಳಿ ಸಿಲಿಕಾ ಪುಡಿ, ಅದು ಲೇಪವನ್ನು ಮುಚ್ಚಿಬಿಡುತ್ತದೆ, ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಸೀಲಂಟ್, ಪಾಲಿಶ್, ಮೋಲ್ಡ್ ಬಿಡಿಸುವ ಸ್ಪ್ರೇ, ಇವುಗಳಲ್ಲಿ ಏನೇನಿದೆ ಅಂತ ಆರ್ಡರ್ ಕೊಡುವ ಮುಂಚೆಯೇ ಪಟ್ಟಿ ಕಳಿಸಿ. 'ಅಂಥದ್ದೇನೂ ಬಳಸಲ್ಲ ಸರ್' ಅಂದವರ ಸ್ಟೋರಿನಲ್ಲೇ ಆ ಡಬ್ಬಗಳನ್ನು ನೋಡಿದ್ದೇನೆ.