ಪಿಂಗಾಣಿ ತಂದ ಮುಜುಗರ

1675ರಲ್ಲಿ ಲಂಡನ್ನಿನಲ್ಲಿ ವಿಲಿಯಂ ವಿಚರ್ಲಿಯ ‘ದಿ ಕಂಟ್ರಿ ವೈಫ್’ ನಾಟಕ ರಂಗಕ್ಕೆ ಬಂತು. ಹಾರ್ನರ್ ಎಂಬ ಚಾಲಾಕಿ ತನ್ನಲ್ಲಿ ಗಂಡಸುತನವೇ ಇಲ್ಲ ಎಂದು ವೈದ್ಯನ ಬಾಯಿಂದ ಊರೆಲ್ಲ ಸುದ್ದಿ ಹಬ್ಬಿಸುತ್ತಾನೆ. ಗಂಡಂದಿರು ನಿಶ್ಚಿಂತೆಯಿಂದ ಹೆಂಡತಿಯರನ್ನು ಅವನ ಜೊತೆ ಬಿಡುತ್ತಾರೆ.

ನಾಲ್ಕನೇ ಅಂಕದಲ್ಲಿ ಲೇಡಿ ಫಿಜೆಟ್ ಪಿಂಗಾಣಿಯ ನೆಪ ಹೇಳಿ ಅವನ ಒಳಕೋಣೆ ಹೊಕ್ಕು ಬಾಗಿಲು ಹಾಕಿಕೊಳ್ಳುತ್ತಾಳೆ. ಹಾರ್ನರ್ ಇನ್ನೊಂದು ಬಾಗಿಲಿಂದ ಒಳಗೆ. ಹೊರಗೆ ನಿಂತ ಗಂಡ, ‘ಅವನು ಹಿಂದಿನಿಂದ ಬರ್ತಿದಾನೆ ಕಣೇ’ ಎಂದು ಕೂಗಿ ನಗುತ್ತಾನೆ! ಕೊನೆಗೆ ಆಕೆ ಕೈಯಲ್ಲೊಂದು ಪಿಂಗಾಣಿ ಹಿಡಿದು ಹೊರಬರುತ್ತಾಳೆ. ನನಗೂ ಬೇಕು ಎಂದು ಇನ್ನೊಬ್ಬಾಕೆ ಹಟ ಹಿಡಿಯುತ್ತಾಳೆ. ಎಲ್ಲರಿಗೂ ಎಲ್ಲಿಂದ ತರಲಿ ಅಂತಾನೆ ಹಾರ್ನರ್. ಇಡೀ ಮಾತುಕತೆಯಲ್ಲಿ ಬರೀ ಪಿಂಗಾಣಿ. ಉಳಿದದ್ದೆಲ್ಲ ನೋಡುವವರ ತಲೆಯಲ್ಲಿ.

ಇಷ್ಟು ಸಲಿಗೆ ಸುಮ್ನೆ ಬಂದದ್ದಲ್ಲ. 1642ರಲ್ಲಿ ಪಾರ್ಲಿಮೆಂಟು ಮುಚ್ಚಿಸಿದ್ದ ರಂಗಮಂದಿರಗಳು 1660ರಲ್ಲಿ ಎರಡನೇ ಚಾರ್ಲ್ಸ್ ದೊರೆ ದೇಶಾಂತರದಿಂದ ಮರಳಿದ ಮೇಲೆ ತೆರೆದವು. ಹೆಣ್ಣು ಪಾತ್ರಗಳನ್ನು ಹೆಂಗಸರೇ ಮಾಡತೊಡಗಿದರು. ದೊರೆಗೂ ನಾಟಕದ ಹುಚ್ಚಿತ್ತು.

ಆದರೆ ಕಾಲ ಹಾಗೇ ಉಳಿಯಲಿಲ್ಲ. 1698ರಲ್ಲಿ ಪಾದ್ರಿ ಜೆರೆಮಿ ಕಾಲಿಯರ್ ಈ ಬಗೆಯ ನಾಟಕಗಳ ಮೇಲೆ ಮುಗಿಬಿದ್ದ. 1766ರಲ್ಲಿ ನಟ ಡೇವಿಡ್ ಗ್ಯಾರಿಕ್ ಹಾರ್ನರ್‌ನನ್ನೇ ಕಿತ್ತುಹಾಕಿ, ಹೆಸರನ್ನೂ ಬದಲಾಯಿಸಿ ಆಡಿಸಿದ. ಸಾರಿಲ್ಲದ ಮುದ್ದೆ, ಅಲ್ವಾ? ಇವು ನಮ್ಮ ಲೋಕದ ಕಥೆಗಳೇ ಅಲ್ಲ, ನಮ್ಮ ನೀತಿಯ ಅಳತೆಗೋಲು ಇಲ್ಲಿ ಬೇಡ ಎಂದು ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಆಮೇಲೆ ವಾದಿಸಿದ. ಮೆಕಾಲೆ ಒಪ್ಪಲಿಲ್ಲ. ಹೌದು, 1835ರಲ್ಲಿ ನಮಗೆಲ್ಲ ಇಂಗ್ಲಿಷ್ ಶಿಕ್ಷಣವೇ ಬೇಕೆಂದ ಅದೇ ಮೆಕಾಲೆ. ವಿಚರ್ಲಿಯನ್ನು ಆತ ಗಬ್ಬು ನಾರುವ ಸ್ಕಂಕ್ ಪ್ರಾಣಿಗೆ ಹೋಲಿಸಿದ: ಹತ್ತಿರ ಹೋಗಲಾಗದಷ್ಟು ನಾತ, ಹಾಗಾಗಿ ಬೇಟೆಗಾರರಿಂದ ಬಚಾವ್. ಮೂಲ ನಾಟಕ ಮತ್ತೆ ರಂಗ ಕಂಡದ್ದು 1924ರಲ್ಲಿ.

ವಿಮರ್ಶಕರ ಜಗಳ ಈಗಲೂ ಅದೇ: ವಿಚರ್ಲಿ ಇಲ್ಲಿ ಲಂಪಟತನಕ್ಕೆ ಚಪ್ಪಾಳೆ ತಟ್ಟುತ್ತಿದ್ದಾನೋ, ಮರ್ಯಾದಸ್ತರ ಸೋಗು ಬಯಲು ಮಾಡುತ್ತಿದ್ದಾನೋ? ನನಗೆ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ. ಕಾರಣ ಅವನ ಮುಂದಿನ ನಾಟಕ ‘ದಿ ಪ್ಲೇನ್ ಡೀಲರ್’ನಲ್ಲೇ ಇದೆ. ಅಲ್ಲಿ ಒಲಿವಿಯಾ ಎಂಬಾಕೆ ಇದೇ ಪಿಂಗಾಣಿ ದೃಶ್ಯವನ್ನು ಬಾಯಿತುಂಬ ಬೈಯುತ್ತಾಳೆ. ಅದರಿಂದ ಮೈಲಿಗೆಯಾದ ಮನೆಯ ಪಿಂಗಾಣಿಯನ್ನೆಲ್ಲ ಒಡೆದುಹಾಕಿದೆ ಎನ್ನುತ್ತಾಳೆ. ಆ ನಾಟಕದಲ್ಲಿ ನಂಬಿದವನಿಗೆ ಮೋಸ ಮಾಡಿ, ಗುಟ್ಟಾಗಿ ಬೇರೊಬ್ಬನನ್ನು ಮದುವೆಯಾದವಳು ಅವಳೇ.